ವರಾಂಡದ ಹಸಿರು ಹನಿ

ನೀರು ಸರಬರಾಜು ಕಚೇರಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಮೇಲಧಿಕಾರಿಯಿಂದ ಹಿಡಿದು ಗುಂಡಿ ತೋಡುವವರ ತನಕ ಎಲ್ಲರ ಬಾಯಲ್ಲೂ ಅವಳು ಕಿವಿಯಕ್ಕ. ನೆಲದಡಿಯ ಕೊಳವೆ ಎಲ್ಲಿ ಸೋರುತ್ತಿದೆಯೆಂದು ಪತ್ತೆ ಹಚ್ಚುವುದು ಅವಳ ಕೆಲಸ. ಒಂದು ತುದಿಗೆ ಬಟ್ಟಲಿನಂಥ ಮುಚ್ಚಳವಿದ್ದ ಉದ್ದನೆಯ ಉಕ್ಕಿನ ಸಲಾಕೆಯನ್ನು ರಸ್ತೆಗೆ ಊರಿ, ಬಟ್ಟಲಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ನಿಂತುಬಿಟ್ಟಳೆಂದರೆ ಬಸ್ಸು ಲಾರಿಗಳ ಗದ್ದಲದ ಅಡಿಯಲ್ಲೂ ನೀರು ಪಿಸುಗುಡುವುದು ಅವಳಿಗೆ ಕೇಳುತ್ತಿತ್ತು. "ಇಲ್ಲಿ ಅಗೀರಿ" ಅಂದರೆ ಅಲ್ಲಿ ಅಗೆಯುತ್ತಿದ್ದರು, ಅಲ್ಲೇ ಕೊಳವೆ ಒಡೆದಿರುತ್ತಿತ್ತು.

ಇಂಥವಳ ಸ್ವಂತ ಬೈಕೇ ಸೋರತೊಡಗಿದರೆ ಜನ ಸುಮ್ಮನಿರುತ್ತಾರೆಯೇ?

ಬೈಕು ಹಳೆಯದಲ್ಲ, ಹೊಸದೂ ಅಲ್ಲ. ಒಬ್ಬ ಔಷಧಿ ಅಂಗಡಿಯವನು ಒಂದಿಷ್ಟು ದಿನ ಓಡಿಸಿ, ಬೆನ್ನು ನೋವೆಂದು ಮಾರಿದ್ದ. ಎಂಜಿನ್ ಕಾಯದ ಹಾಗೆ ಅದರ ಸುತ್ತ ಹಸಿರು ಬಣ್ಣದ ಕೂಲಂಟು ಹರಿದಾಡುವಂಥ ಗಾಡಿ. ಮುಂದೆ ಕಿಟಕಿಯ ಜಾಲರಿಯಂಥ ರೇಡಿಯೇಟರು, ಅಲ್ಲಿಂದ ಎಂಜಿನ್ನಿಗೆ ಕರುಳಿನ ಹಾಗೆ ಸುತ್ತಿಕೊಂಡ ರಬ್ಬರ್ ಪೈಪುಗಳು. ಕಿವಿಯಕ್ಕನಿಗೆ ಅದರ ಮೇಲೆ ಜೀವ. ಅತ್ತೆಗೆ ಮಾತ್ರ ಅದನ್ನು ಕಂಡರೆ ಆಗುತ್ತಿರಲಿಲ್ಲ. ಕಾರಣವೂ ಇತ್ತು. ಅತ್ತೆ ಆಗಷ್ಟೇ ಹಠ ಹಿಡಿದು ವರಾಂಡಕ್ಕೆ ಹಾಲುಬಣ್ಣದ ಟೈಲ್ಸ್ ಹಾಕಿಸಿದ್ದರು. ಮನೆಗೆ ಬಂದವರು ಒಳಗೆ ಕಾಲಿಡುವ ಮೊದಲು ನೆಲ ಹೊಗಳಲೇಬೇಕು. ಬೈಕು ನಿಲ್ಲಿಸಲು ಆ ವರಾಂಡ ಬಿಟ್ಟರೆ ಬೇರೆ ಜಾಗವಿರಲಿಲ್ಲ.

ಒಂದು ಬೆಳಗ್ಗೆ ಅತ್ತೆ ನೆಲ ಒರೆಸಲು ಹೋದವರು ಬಟ್ಟೆ ಕೈಯಲ್ಲೇ ಹಿಡಿದುಕೊಂಡು ಅಡುಗೆಮನೆಗೆ ಬಂದರು.

"ನೋಡಮ್ಮಾ, ನಿನ್ನ ಗಾಡಿ ಒಂದಕ್ಕೆ ಮಾಡಿದೆ."

ಕಿವಿಯಕ್ಕ ಓಡಿ ಹೋಗಿ ನೋಡಿದಳು. ಎಂಜಿನ್ ಕೆಳಗೆ ಹಸಿರು ಹನಿಗಳು ಸೇರಿಕೊಂಡು ಅಂಗೈಯಗಲದ ಕೆರೆಯಾಗಿತ್ತು. ಬೆರಳಲ್ಲಿ ಮುಟ್ಟಿದರೆ ನುಣುಪು, ಮೂಸಿದರೆ ಸಿಹಿ ವಾಸನೆ. ಕೂಲಂಟೇ.

ಗಂಡ ಹಲ್ಲುಜ್ಜುತ್ತಲೇ ಬಂದು ಬಗ್ಗಿ ನೋಡಿದ. ಅವನು ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಏನು ಕಂಡರೂ ಮೊದಲು ಬಣ್ಣದ ಬಗ್ಗೆಯೇ ಮಾತು. "ಎಂಥಾ ಗಿಳಿ ಹಸಿರು ನೋಡೇ! ಡಬ್ಬಿಯಲ್ಲಿ ಸಿಗಲ್ಲ ಇದು" ಅಂದ. ಅತ್ತೆ ಅವನನ್ನು ನೋಡಿದ ನೋಟಕ್ಕೆ ಬಾಯಲ್ಲಿದ್ದ ನೊರೆ ನುಂಗಿಕೊಂಡು ಒಳಗೆ ನಡೆದ.

ಆ ಊರಿನಲ್ಲಿ ಇಂಥ ಗಾಡಿಗಳನ್ನು ಬಲ್ಲ ಮೆಕ್ಯಾನಿಕ್ ಒಬ್ಬನೇ. ಕೈ ಬಂಗಾರ, ಆದರೆ ಏನು ಕೇಳಿದರೂ "ಆಮೇಲೆ ನೋಡೋಣ" ಅನ್ನುವುದು ಅವನ ಚಾಳಿ. ಹಾಗಾಗಿ ಎಲ್ಲರಿಗೂ ಆಮೇಲಣ್ಣ. ಅವನ ಮದುವೆಗೂ ಅವನು ಆಮೇಲೆಯೇ ಬಂದನೆಂದು ಜನ ಆಡಿಕೊಳ್ಳುತ್ತಿದ್ದರು.

ಗ್ಯಾರೇಜಿನಲ್ಲಿ ಆಮೇಲಣ್ಣ ಎಂಜಿನ್ ಪಕ್ಕ ಕುಕ್ಕರಗಾಲಲ್ಲಿ ಕೂತು ಟಾರ್ಚು ಬಿಟ್ಟ. ನೀರಿನ ಪಂಪಿನ ಹೊಟ್ಟೆಯಡಿ ಕಡಲೆಕಾಳು ಹೋಗದಷ್ಟು ಚಿಕ್ಕ ತೂತು. ಅದರ ಬಾಯಿಗೆ ಉಪ್ಪು ಕಟ್ಟಿದ ಹಾಗೆ ಬಿಳಿ ಹಸಿರು ಪೊರೆ.

"ಈ ತೂತು ಚಾಡಿ ಹೇಳೋಕೇ ಇರೋದು ಅಕ್ಕ. ಒಳಗೆ ಸೀಲು ಸವೆದ್ರೆ ಇಲ್ಲಿಂದ ತೊಟ್ಟಿಕ್ಕುತ್ತೆ. ಸೀಲು ಬದಲಾಯಿಸಿದ್ರೆ ಮುಗೀತು."

ಅವನು ಪಂಪು ಬಿಚ್ಚಿ, ಸೀಲು ಬದಲಿಸಿ, ಹೊಸ ಕೂಲಂಟು ತುಂಬಿ ಕೊಟ್ಟ. ಅವಳು ಹೊರಡುವಾಗ ಇನ್ನೊಂದು ಮಾತು ಹೇಳಿದ: "ಈ ನೀರು ಸಿಹಿ ಇರುತ್ತೆ, ಆದ್ರೆ ವಿಷ. ನಾಯಿ ಬೆಕ್ಕು ನೆಕ್ಕದ ಹಾಗೆ ನೋಡ್ಕೊಳ್ಳಿ." ಕಿವಿಯಕ್ಕ ಮನೆಗೆ ಬಂದು ಅದನ್ನು ಅತ್ತೆಗೂ ಹೇಳಿ, ಸೋರಿಕೆ ನಿಂತಿತೆಂದು ಘೋಷಿಸಿ, ಗೆದ್ದವಳ ಹಾಗೆ ಮಲಗಿದಳು.

ಬೆಳಗಾದರೆ ಮತ್ತೆ ಹಸಿರು ಹನಿ. ಮೊದಲಿನಷ್ಟಿಲ್ಲ, ಆದರೆ ಇದೆ.

ಅವಳು ಹೆಲ್ಮೆಟ್ ಸಿಕ್ಕಿಸಿಕೊಂಡು ನೇರ ಆಮೇಲಣ್ಣನ ಮುಂದೆ ಗಾಡಿ ನಿಲ್ಲಿಸಿದಳು. ಅವನು ಚಿಂದಿ ಬಟ್ಟೆಯಲ್ಲಿ ಎಲ್ಲ ಕಡೆ ಒರೆಸಿದ. ಬಟ್ಟೆ ಒಣ ಒಣ. ಪಂಪಿನ ತೂತು ಒಣಗಿತ್ತು. ಎಂಜಿನ್ ಚಾಲೂ ಮಾಡಿ, ಫ್ಯಾನು ತಿರುಗುವ ತನಕ ಕಾಯಿಸಿ, ಎರಡೂ ಕಡೆಯಿಂದ ಬಗ್ಗಿ ನೋಡಿದ. ಒಂದು ಹನಿ ಇಲ್ಲ.

"ಎಲ್ಲಿದೆ ಅಕ್ಕ?"

"ಬೆಳಗ್ಗೆ ಇತ್ತು ಅಣ್ಣ. ನನ್ನ ಕಣ್ಣಾರೆ ನೋಡಿದೀನಿ."

"ಹಳೇದು ಎಲ್ಲೋ ಸಂದಿಯಲ್ಲಿ ಉಳಿದಿರುತ್ತೆ. ಇನ್ನೊಂದೆರಡು ದಿನ ಓಡಿಸಿ. ಆಮೇಲೆ ನೋಡೋಣ."

ಎರಡು ದಿನವಲ್ಲ, ವಾರ ಕಳೆಯಿತು. ಪ್ರತಿ ಬೆಳಗ್ಗೆ ವರಾಂಡದಲ್ಲಿ ಹನಿ, ಮೆಕ್ಯಾನಿಕ್ಕಿನ ಎದುರು ಗಾಡಿ ಸಾಧುಪ್ರಾಣಿ. ಅಮ್ಮನ ಹತ್ತಿರ ಹೊಟ್ಟೆನೋವೆಂದು ಅತ್ತ ಮಗು ಡಾಕ್ಟರ ಮುಂದೆ ನಗುತ್ತಾ ಕೂತಹಾಗೆ. ಕೊನೆಕೊನೆಗೆ ಆಮೇಲಣ್ಣ ಅವಳನ್ನು ನೋಡುವ ರೀತಿಯೇ ಬದಲಾಯಿತು. "ಮನೇಲಿ ಎಲ್ಲಾ ಆರಾಮಾ ಅಕ್ಕ? ನಿದ್ದೆ ಚೆನ್ನಾಗಿ ಬರ್ತಿದೆಯಾ?" ಎಂದು ಮೆತ್ತಗೆ ಕೇಳಿದ.

ಸುದ್ದಿ ಕಚೇರಿಗೂ ಹೋಯಿತು. ಕಿವಿಯಕ್ಕ ಚಹಾ ಲೋಟ ಎತ್ತಿಕೊಂಡರೆ ಯಾರಾದರೊಬ್ಬರು ಲೋಟದ ತಳ ನೋಡಿ, "ಸೋರ್ತಿಲ್ಲ ತಾನೇ?" ಅನ್ನುವರು. ಅವಳಿಗೆ ರೋಸಿಹೋಯಿತು. ಒಂದು ಸಂಜೆ ಕಚೇರಿಯ ಸಲಾಕೆಯನ್ನೇ ಮನೆಗೆ ತಂದು, ಬೈಕಿನ ಎಂಜಿನ್ನಿಗೆ ಊರಿ, ಕಿವಿ ಹಚ್ಚಿ ಕಣ್ಣು ಮುಚ್ಚಿದಳು. ಗಂಡ ಕಿಟಕಿಯಿಂದ ಇಣುಕಿ, "ಏನಂತೆ? ಗಂಡೋ ಹೆಣ್ಣೋ?" ಅಂದ. ಅವಳು ಸಲಾಕೆ ಎತ್ತಿಕೊಂಡು ಅಟ್ಟಿಸಿಕೊಂಡು ಹೋದಳು. ಮೇಷ್ಟ್ರು ಕಾಲಿಗೆ ಬುದ್ಧಿ ಹೇಳಿದ.

ನಗುವಿನ ಮಧ್ಯೆ ಒಂದು ಬೆಳಗ್ಗೆ ನಗಲಾರದಂಥದ್ದು ನಡೆಯಿತು. ಪಕ್ಕದ ಮನೆಯ ಬೂದು ಬೆಕ್ಕೊಂದು ಅತ್ತೆಯ ಬದ್ಧವೈರಿ. ಟೈಲ್ಸ್ ಮೇಲೆ ಹೆಜ್ಜೆ ಮೂಡಿಸುತ್ತದೆಂದು ಅತ್ತೆ ಅದಕ್ಕೆ ಪೊರಕೆ ತೋರಿಸದ ದಿನವಿಲ್ಲ. ಆ ದಿನ ಅತ್ತೆ ಬಾಗಿಲು ತೆಗೆದಾಗ ಬೆಕ್ಕು ಬೈಕಿನ ಕೆಳಗೆ ಕೂತು, ಹಸಿರು ಹನಿಯ ಹತ್ತಿರ ಮೂತಿ ತಂದು ಮೂಸುತ್ತಿತ್ತು. ಮಂಡಿನೋವೆಂದು ಮೆಟ್ಟಿಲು ಇಳಿಯಲೂ ಗೋಡೆ ಹಿಡಿಯುತ್ತಿದ್ದವರು ಹಾರಿ ಹೋಗಿ ಬೆಕ್ಕಿನ ಕುತ್ತಿಗೆಯ ಚರ್ಮ ಹಿಡಿದು ಎತ್ತಿದರು. ಕಿವಿಯಕ್ಕ ಹೊರಗೆ ಬಂದಾಗ ಅತ್ತೆ ನಲ್ಲಿಯ ಕೆಳಗೆ ಬೆಕ್ಕಿನ ಮುಖ ತೊಳೆಯುತ್ತಾ ಅದಕ್ಕೆ ಬೈಯುತ್ತಿದ್ದರು.

"ಕಂಡಕಂಡದ್ದಕ್ಕೆಲ್ಲಾ ಬಾಯಿ ಹಾಕ್ತೀಯಾ? ಹಾಂ? ನಿನಗೇನಾದ್ರೂ ಆದ್ರೆ ನಾನು ಬೆಳಗಾಗೆದ್ದು ಯಾರನ್ನ ಬೈಲಿ?"

ಬೆಕ್ಕು ನೆಕ್ಕಿರಲಿಲ್ಲ. ನಾಲಿಗೆ, ಮೀಸೆ, ಎಲ್ಲವನ್ನೂ ನೋಡಿ ಖಾತ್ರಿ ಮಾಡಿಕೊಂಡರು. ಆದರೂ ಅದು ಸಂಜೆ ಗೋಡೆಯ ಮೇಲೆ ಲವಲವಿಕೆಯಿಂದ ಓಡಾಡುವುದನ್ನು ಕಂಡ ಮೇಲೆಯೇ ಅತ್ತೆ ಸರಿಯಾಗಿ ಉಸಿರಾಡಿದ್ದು. ಊಟದ ಹೊತ್ತಿಗೆ ಅವರು ತಟ್ಟೆ ಪಕ್ಕಕ್ಕೆ ಸರಿಸಿ ಸೊಸೆಯ ಕಡೆ ತಿರುಗಿದರು.

"ಇನ್ನು ಇದನ್ನ ಬಿಡೋ ಹಾಗಿಲ್ಲ ಕಣೇ. ನಾಳೆ ಬೆಳಗಿನ ಜಾವ ಇಬ್ಬರೂ ಕಾಯೋಣ. ಕಳ್ಳ ಬರೋ ಹೊತ್ತಿಗೆ ನಾವೂ ಇರಬೇಕು."

"ಅತ್ತೆ, ನಿಮಗ್ಯಾಕೆ ತೊಂದರೆ..."

"ನೆಲ ಯಾರದ್ದು?"

ಕಿವಿಯಕ್ಕ ಎದ್ದು ಹೋಗಿ ಅಲಾರಾಂ ಇಟ್ಟಳು.

ಮಾರನೆಯ ದಿನ ಇನ್ನೂ ಮಬ್ಬು ಇರುವಾಗಲೇ ಅತ್ತೆ ಸೊಸೆ ಇಬ್ಬರೂ ವರಾಂಡದಲ್ಲಿ ಮಣೆ ಹಾಕಿಕೊಂಡು, ಶಾಲು ಹೊದ್ದು, ಕಾಫಿ ಲೋಟ ಹಿಡಿದು ಕೂತರು. ಮದುವೆಯಾಗಿ ಇಷ್ಟು ವರ್ಷವಾದರೂ ಇಬ್ಬರೇ ಹೀಗೆ ಸುಮ್ಮನೆ ಕೂತದ್ದು ಕಿವಿಯಕ್ಕನಿಗೆ ನೆನಪಿರಲಿಲ್ಲ. ಇಬ್ಬರ ಕಣ್ಣೂ ಎಂಜಿನ್ನಿನ ತಳದ ಮೇಲೆ. ಚಳಿ ಏರಿದ ಹಾಗೆ ಎಂಜಿನ್ ತಳದ ಒಂದು ಬೋಲ್ಟಿನ ತುದಿಯಲ್ಲಿ ಹಸಿರು ಮುತ್ತೊಂದು ಮೂಡಿ, ದಪ್ಪಗಾಗಿ, ತೂಗಾಡಿ, ಟಪ್ಪೆಂದು ಬಿತ್ತು.

"ಬಂತು!" ಅತ್ತೆ ಸೊಸೆಯ ತೊಡೆಗೆ ಹೊಡೆದರು. "ಆ ಬೋಲ್ಟೇ ಕಳ್ಳ!"

ಕಿವಿಯಕ್ಕ ಬೋಲ್ಟು ಒರೆಸಿ ನೋಡಿದಳು. ಬೋಲ್ಟು ಬಿಗಿಯಾಗಿತ್ತು, ಅಲ್ಲಿ ಕೂಲಂಟು ಓಡಾಡುವ ದಾರಿಯೇ ಇರಲಿಲ್ಲ. ಆಗ ಅವಳಿಗೆ ತನ್ನ ಮೇಲೆಯೇ ನಗು ಬಂತು. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆಲ್ಲ ಅವಳೇ ಬಾಯಿಪಾಠ ಮಾಡಿಸುತ್ತಿದ್ದ ಮಾತು ಅದು: ರಸ್ತೆಯ ಮೇಲೆ ನೀರು ಕಂಡ ಕಡೆ ಅಗೆಯಬೇಡಿ, ಅದು ಎಲ್ಲೋ ಹುಟ್ಟಿ, ಸಂದಿ ಸಿಕ್ಕಲ್ಲಿ ಹರಿದು, ಇನ್ನೆಲ್ಲೋ ತಲೆ ಎತ್ತುತ್ತದೆ. ಕಚೇರಿಯಲ್ಲಿ ಗೊತ್ತಿದ್ದ ವಿದ್ಯೆ ಮನೆಯ ವರಾಂಡದಲ್ಲಿ ಮರೆತೇಹೋಗಿತ್ತು.

"ಇದು ಇಲ್ಲಿ ಬೀಳ್ತಿದೆ ಅಷ್ಟೇ ಅತ್ತೆ. ಸೋರ್ತಿರೋದು ಮೇಲೆಲ್ಲೋ. ದಾರಿ ಗೊತ್ತಾಗಬೇಕು."

"ದಾರಿ ತಾನೇ? ತಡಿ" ಎಂದು ಅತ್ತೆ ಒಳಗೆ ಹೋಗಿ ತಮ್ಮ ಮುಖದ ಪೌಡರಿನ ಡಬ್ಬಿ ತಂದರು. "ಸಕ್ಕರೆ ಡಬ್ಬಿಗೆ ಇರುವೆ ಎಲ್ಲಿಂದ ಬರುತ್ತೆ ಅಂತ ನಾನು ಹೀಗೇ ಹಿಡಿಯೋದು. ಪೌಡರ್ ಚೆಲ್ಲಿದ್ರೆ ಸಾಲು ಕಾಣುತ್ತೆ."

ಕಿವಿಯಕ್ಕ ಅತ್ತೆಯ ಮುಖವನ್ನೇ ನೋಡಿದಳು. ಗಾಡಿಯನ್ನು ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ, ಅಂಗೈಗೆ ಪೌಡರ್ ಹಾಕಿಕೊಂಡು ಇಬ್ಬರೂ ಊದಿದರು. ಎಂಜಿನ್, ಪೈಪು, ಚೌಕಟ್ಟು, ಎಲ್ಲ ಬೆಳ್ಳಗಾಯಿತು. ಅತ್ತೆಯ ಹುಬ್ಬೂ ಬೆಳ್ಳಗಾಯಿತು. ವರಾಂಡದ ತುಂಬ ಮಲ್ಲಿಗೆಯ ಘಮ. ಆ ಹೊತ್ತಿಗೆ ಎದ್ದು ಬಂದ ಮೇಷ್ಟ್ರು ಬಾಗಿಲಲ್ಲೇ ನಿಂತು, "ಏನಮ್ಮಾ, ಗಾಡಿನ ಹೆಣ್ಣು ನೋಡೋಕೆ ಬರ್ತಿದಾರಾ?" ಅಂದ. ಅಮ್ಮ, ಹೆಂಡತಿ ಇಬ್ಬರೂ ಒಟ್ಟಿಗೆ "ಶ್!" ಅಂದರು.

ಕಾದರು. ಬಿಳಿ ಪೌಡರಿನ ಮೇಲೆ ಒದ್ದೆ ಗೆರೆಯೊಂದು ತಾನೇ ತಾನಾಗಿ ಮೂಡಿತು. ಪೆಟ್ರೋಲ್ ಟ್ಯಾಂಕಿನ ಅಡಿಯಿಂದ ಹೊರಟು, ಚೌಕಟ್ಟಿನ ಕೊಳವೆಯ ಬೆನ್ನು ಹಿಡಿದು ಇಳಿದು, ಎಂಜಿನ್ನಿನ ಹಿಂಬದಿ ಬಳಸಿ, ಬೋಲ್ಟಿನ ತುದಿಗೆ ಬಂದು ನಿಂತಿತು. ಅತ್ತೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡವರಂತೆ ಗೆರೆಯನ್ನು ಕೆಳಗಿನಿಂದ ಮೇಲಕ್ಕೆ ಓದಿ, "ಟ್ಯಾಂಕ್ ಕೆಳಗಿದಾನೆ" ಅಂದರು.

ಇಷ್ಟಾದರೂ ಕಿವಿಯಕ್ಕ ಟ್ಯಾಂಕಿಗೆ ಕೈ ಹಚ್ಚಲಿಲ್ಲ. ಆಮೇಲಣ್ಣ ತನ್ನ ಕಣ್ಣಲ್ಲೇ ಈ ಹನಿಯನ್ನು ನೋಡಬೇಕು ಎಂಬ ಛಲ ಅವಳಿಗೆ. ಫೋನು ಮಾಡಿದರೆ "ಮನೆಗೇ ಬರ್ತೀನಿ ಅಕ್ಕ, ಆಮೇಲೆ" ಅಂದ. ಆ ಆಮೇಲೆ ಯಾವುದೆಂದು ಯಾರಿಗೆ ಗೊತ್ತು? ಗಾಡಿ ಓಡಿಸಿಕೊಂಡು ಹೋದರೆ ಬಿಸಿಯಾಗಿ ಹನಿ ನಿಲ್ಲುತ್ತದೆ; ಅಷ್ಟಂತೂ ಈಗ ತಿಳಿದಿತ್ತು. ಉಳಿದದ್ದು ಒಂದೇ ದಾರಿ. ತಣ್ಣಗಿರುವಾಗಲೇ ತಳ್ಳಿಕೊಂಡು ಹೋಗುವುದು.

ಹ್ಯಾಂಡಲ್ ಹಿಡಿದು ಕಿವಿಯಕ್ಕ, ಹಿಂದಿನಿಂದ ತಳ್ಳುತ್ತಾ ಮೇಷ್ಟ್ರು, ಪಕ್ಕದಲ್ಲಿ ಕೊಡೆ ಹಿಡಿದು ಅತ್ತೆ. ಕೊಡೆ ಯಾಕೆಂದು ಕೇಳಿದರೆ "ಹೇಳ್ತೀನಿ ನಡಿ" ಅಂದರು. ಮೆರವಣಿಗೆ ಬೀದಿಗಿಳಿಯಿತು.

ಪೌಡರ್ ಬಳಿದ ಬೈಕನ್ನು ಮೂವರು ತಳ್ಳಿಕೊಂಡು ಹೋದರೆ ಬೀದಿ ಸುಮ್ಮನಿರುವುದುಂಟೇ? ಹಾಲಿನವನು ಮೊಪೆಡ್ ನಿಲ್ಲಿಸಿ, "ಪೆಟ್ರೋಲ್ ಖಾಲಿನಾ? ನನ್ನ ಹತ್ರ ಸ್ವಲ್ಪ ಇದೆ" ಅಂದ. ಇಸ್ತ್ರಿ ಅಂಗಡಿಯವನು, "ಪ್ಲಗ್ ಒರೆಸಿ ಹಾಕಿ, ತಟ್ ಅಂತ ಸ್ಟಾರ್ಟ್ ಆಗುತ್ತೆ" ಎಂದು ಕೂತಲ್ಲಿಂದಲೇ ತೀರ್ಪು ಕೊಟ್ಟ. ವ್ಯಾಯಾಮಕ್ಕೆ ಹೊರಟ ನಿವೃತ್ತ ತಹಸೀಲ್ದಾರರೊಬ್ಬರು ಕೇಳದೆಯೇ ಭುಜ ಕೊಟ್ಟು, "ಸೆಕೆಂಡ್ ಗೇರಿಗೆ ಹಾಕಿ ಕ್ಲಚ್ ಬಿಡಮ್ಮಾ!" ಎಂದು ಜೋರಾಗಿ ತಳ್ಳತೊಡಗಿದರು.

"ಸ್ಟಾರ್ಟ್ ಆಗೋದು ಬೇಡ ಸ್ವಾಮಿ!" ಎಂದು ಅತ್ತೆ ಕೊಡೆ ಅಡ್ಡ ಹಿಡಿದರು.

"ಸ್ಟಾರ್ಟ್ ಆಗೋದು ಬೇಡವಾ? ಮತ್ತೆ ಯಾಕಮ್ಮಾ ತಳ್ತಿದೀರಿ?"

"ಅದು ಸ್ಟಾರ್ಟ್ ಆಗುತ್ತೆ. ಅದಕ್ಕೇ ತಳ್ತಿದೀವಿ."

ತಹಸೀಲ್ದಾರರು ಕೈಬಿಟ್ಟು, ಬೀದಿ ತಿರುಗುವ ತನಕ ಅಲ್ಲೇ ನಿಂತು ನೋಡಿದರು.

ಗ್ಯಾರೇಜಿನ ಬಾಗಿಲು ಎಣಿಸಿದ ಹಾಗೆಯೇ ಮುಚ್ಚಿತ್ತು. ಎದುರುಗಡೆ ಕಟ್ಟಡದ ಮೇಲಿನಿಂದ ಬಿಸಿಲು ಇಳಿಯುತ್ತಿತ್ತು. ಈಗ ಅತ್ತೆ ಕೊಡೆ ಬಿಚ್ಚಿ, ತಮ್ಮ ತಲೆಗಲ್ಲ, ಬೈಕಿಗೆ ಹಿಡಿದರು. ಬಿಸಿಲು ಸರಿದ ಹಾಗೆ ಕೊಡೆಯೂ ಸರಿಯಿತು. ಸೊಸೆ ಕೊಡಿ ಅಂದರೂ ಕೊಡಲಿಲ್ಲ. ಮೇಷ್ಟ್ರು ಶಾಲೆಗೆ ಹೊತ್ತಾಯಿತೆಂದು ಹೊರಟವನು, ಮೂಲೆಯಲ್ಲಿ ನಿಂತು ತಿರುಗಿ ನೋಡಿ, ಬೈಕಿಗೆ ಕೊಡೆ ಹಿಡಿದ ಅಮ್ಮನ ಒಂದು ಚಿತ್ರವನ್ನು ಬಸ್ ಟಿಕೆಟ್ಟಿನ ಹಿಂದೆ ಗೀಚಿಕೊಂಡೇ ಹೋದ.

ಆಮೇಲಣ್ಣ ಬಂದಾಗ ಕಂಡ ದೃಶ್ಯ ಅದೇ. ಅವನು ಬೀಗದ ಕೈ ಹಿಡಿದು ನಿಂತುಬಿಟ್ಟ.

"ಏನಮ್ಮಾ ಇದು?"

"ಮಾತಾಡಬೇಡ. ಬಗ್ಗಿ ನೋಡಪ್ಪಾ."

ಬಗ್ಗಿದ. ಬೋಲ್ಟಿನ ತುದಿಯಲ್ಲಿ ಹಸಿರು ಮುತ್ತು ತೂಗುತ್ತಿತ್ತು. ಅವನ ಮೂಗಿನ ಎದುರೇ ಟಪ್ಪೆಂದು ಬಿತ್ತು. ಆಮೇಲಣ್ಣ ಪೌಡರಿನ ಮೇಲಿನ ಗೆರೆಯನ್ನು ಬೆರಳಿನಿಂದ ಗಾಳಿಯಲ್ಲೇ ಹಿಂಬಾಲಿಸಿ ಟ್ಯಾಂಕಿನವರೆಗೆ ಹೋದ. ಮುಖ ಅರಳಿತು.

"ಅಕ್ಕ, ನಿಮ್ಮ ನಿದ್ದೆ ಬಗ್ಗೆ ಕೇಳಿದ್ದು ವಾಪಸ್ ತಗೊಂಡೆ" ಅಂದ. "ಈಗಲೇ ಬಿಚ್ಚೋಣ."

ಅವನ ಬಾಯಲ್ಲಿ "ಈಗಲೇ" ಎಂಬ ಮಾತು ಕೇಳಿ ಪಕ್ಕದ ಪಂಚರ್ ಅಂಗಡಿಯವನು ಹೊರಗೆ ಬಂದು ನೋಡಿದ.

ಸೀಟು ತೆಗೆದು, ಟ್ಯಾಂಕಿನ ಬೋಲ್ಟು ಬಿಚ್ಚಿ, ಪೆಟ್ರೋಲ್ ಪೈಪು ಕಳಚಿ, ಟ್ಯಾಂಕನ್ನು ಮಗು ಎತ್ತಿದ ಹಾಗೆ ಎತ್ತಿ ಚೀಲದ ಮೇಲೆ ಮಲಗಿಸಿದ. ಒಳಗಿನ ಕತ್ತಲ ಮೂಲೆಯಲ್ಲಿ ದಪ್ಪ ರಬ್ಬರ್ ಪೈಪೊಂದು ಎಂಜಿನ್ನಿನ ಲೋಹದ ಮೂತಿಗೆ ಸಿಕ್ಕಿಕೊಂಡಿತ್ತು. ಅದನ್ನು ಬಿಗಿಹಿಡಿಯಬೇಕಾದ ಕ್ಲಿಪ್ಪು ಓರೆಯಾಗಿ, ಅರ್ಧ ರಬ್ಬರಿನ ಮೇಲೆ, ಅರ್ಧ ಅಂಚಿನ ಹೊರಗೆ ಕೂತಿತ್ತು. ಹಿಂದೆ ಯಾರೋ ಅವಸರದಲ್ಲಿ ಮಾಡಿದ ಕೆಲಸ. ಕ್ಲಿಪ್ಪಿನ ಸುತ್ತ ಹಸಿರು ಪಾಚಿಯಂಥ ಪೊರೆ.

"ಗಾಡಿ ಬಿಸಿಯಾದ್ರೆ ರಬ್ಬರ್ ಉಬ್ಬುತ್ತೆ, ಸಂದಿ ಮುಚ್ಚಿಹೋಗುತ್ತೆ" ಎಂದು ಅವನು ವಿವರಿಸಿದ. "ಚಳಿಗೆ ಮುದುರಿಕೊಂಡ್ರೆ ಮತ್ತೆ ಬಾಯಿ ಬಿಡುತ್ತೆ. ನೀವು ಓಡಿಸಿಕೊಂಡು ಬಂದಾಗೆಲ್ಲ ನನಗೆ ಟೋಪಿ ಹಾಕಿದೆ ನೋಡಿ ಇದು."

ಉಳಿದ ಕೂಲಂಟನ್ನು ತಟ್ಟೆಗೆ ಇಳಿಸಿ, ಪೈಪು ಎಳೆದು ತೆಗೆದ. ಲೋಹದ ಮೂತಿಗೆ ಹತ್ತಿದ ಕಿಟ್ಟವನ್ನು ನಯವಾದ ಮರಳು ಕಾಗದದಿಂದ ಕಿವಿಯಕ್ಕನೇ ಉಜ್ಜಿದಳು. ಕೊಳವೆಯ ಬಾಯಿ ಸ್ವಚ್ಛ ಮಾಡುವುದು ಅವಳಿಗೆ ಹೊಸದೇ? ಹೊಸ ಪೈಪನ್ನು ಕೊನೆಯ ತನಕ ತಳ್ಳಿ, ಹೊಸ ಕ್ಲಿಪ್ಪನ್ನು ಅಂಚಿಗಿಂತ ಒಳಗೆ ನೆಟ್ಟಗೆ ಕೂರಿಸಿ, ರಬ್ಬರಿಗೆ ಗಾಯವಾಗದಷ್ಟು ಬಿಗಿದರು. ಕೂಲಂಟು ತುಂಬಿ, ಟ್ಯಾಂಕು ಕೂರಿಸಿ ಪೆಟ್ರೋಲ್ ಪೈಪು ಜೋಡಿಸಿ, ರೇಡಿಯೇಟರಿನ ಮುಚ್ಚಳ ತೆಗೆದೇ ಎಂಜಿನ್ ಚಾಲೂ ಮಾಡಿ, ಪೈಪುಗಳನ್ನು ಹಿಸುಕಿ ಒಳಗಿನ ಗಾಳಿ ಹೊರಡಿಸಿದರು. ಗುಳುಗುಳು ಎಂದು ಗುಳ್ಳೆ ಬಂದಾಗಲೆಲ್ಲ ಅತ್ತೆ ತಾವೇ ತೇಗಿದಷ್ಟು ಸಮಾಧಾನಪಟ್ಟರು. ಗುಳ್ಳೆ ನಿಂತ ಮೇಲೆ ಮುಚ್ಚಳ ಹಾಕಿ, ಫ್ಯಾನು ತಿರುಗುವ ತನಕ ಕಾಯಿಸಿದರು. ಪಂಚರ್ ಅಂಗಡಿಯವನು ಸಹಾಯ ಮಾಡುವ ಉಮೇದಿನಲ್ಲಿ, "ನೀರು ಸಾಕಾಗಿದೆಯಾ ನೋಡೋಣ" ಎಂದು ಮುಚ್ಚಳಕ್ಕೆ ಕೈ ಹಾಕಿದ.

"ಮುಟ್ಟಬೇಡ!" ಅತ್ತೆಯ ಕೂಗಿಗೆ ಅವನ ಕೈಯಲ್ಲಿದ್ದ ಬಟ್ಟೆ ಬಿತ್ತು. "ಪ್ರೆಶರ್ ಇಳಿಯೋ ಮೊದಲೇ ಕುಕ್ಕರ್ ಮುಚ್ಚಳ ತೆಗೀತಾರೇನಪ್ಪಾ? ಮುಖ ಬೆಂದುಹೋಗುತ್ತೆ!"

"ಅಮ್ಮ ಹೇಳಿದ್ದು ಸರಿ" ಎಂದ ಆಮೇಲಣ್ಣ. "ತಣ್ಣಗಾಗಲಿ. ಆಮೇಲೆ ನೋಡೋಣ." ಆ ದಿನ ಅವನ ಆ ಮಾತು ಮೊದಲ ಸಲ ಎಲ್ಲರಿಗೂ ಒಪ್ಪಿಗೆಯಾಯಿತು.

ಮನೆಗೆ ಹೊರಡುವಾಗ ಕಿವಿಯಕ್ಕ ಅತ್ತೆಗೆಂದು ಆಟೋ ಕರೆಯಲು ಕೈ ಎತ್ತಿದಳು. ಅತ್ತೆ ಆ ಕೈಯನ್ನು ಕೆಳಗಿಳಿಸಿದರು.

"ಅಷ್ಟೆಲ್ಲ ಮಾಡಿದ ಮೇಲೆ ರಿಪೇರಿ ಸರಿ ಆಗಿದೆಯಾ ಇಲ್ವಾ ಅಂತ ಕೂತು ನೋಡೋದು ಬೇಡವಾ?"

ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಂದಿನ ಸೀಟಿನಲ್ಲಿ ಒಂದು ಪಕ್ಕಕ್ಕೆ ಕೂತು, ಸೊಸೆಯ ಹೊಟ್ಟೆಯನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದರು. ಆಮೇಲಣ್ಣ ಕೊಟ್ಟ ಹಳೆಯ ಹೆಲ್ಮೆಟ್ ಅವರ ಮೂಗಿನ ತನಕ ಇಳಿಯುತ್ತಿತ್ತು. ಮೊದಲ ತಿರುವಿನಲ್ಲಿ "ಅಯ್ಯಯ್ಯೋ", ಎರಡನೆಯದರಲ್ಲಿ "ಅಯ್ಯೋ", ಮೂರನೆಯದರಲ್ಲಿ ಸದ್ದಿಲ್ಲ. ಮನೆಯ ಬೀದಿ ಬಂದಾಗ ಹಿಂದಿನಿಂದ ದನಿ ಬಂತು: "ಇಷ್ಟು ಬೇಗ ಬಂತಾ? ಎಂಜಿನ್ ಇನ್ನೂ ಸರಿಯಾಗಿ ಬಿಸಿಯಾಗಿಲ್ಲ ಅನ್ಸುತ್ತೆ. ಕೆರೆ ಏರಿ ತನಕ ಹೋಗಿ ಬರೋಣ." ಕಚೇರಿಗೆ ಆಗಲೇ ತಡವಾಗಿತ್ತು. ಕಿವಿಯಕ್ಕ ಗಾಡಿ ತಿರುಗಿಸಿದಳು.

ಮರುದಿನ ಬೆಳಗಿನ ಜಾವ ಅವಳು ಬಾಗಿಲು ತೆಗೆದರೆ ಅತ್ತೆ ಆಗಲೇ ಮಣೆಯ ಮೇಲಿದ್ದರು. ಪಕ್ಕದಲ್ಲಿ ಇನ್ನೊಂದು ಮಣೆ, ಎರಡು ಲೋಟ ಕಾಫಿ. ಹಾಲುಬಣ್ಣದ ನೆಲ ಬೆಳಕಾದ ಹಾಗೆ ಹೊಳೆಯುತ್ತಾ ಬಂತು. ಬೋಲ್ಟಿನ ತುದಿ ಒಣಗಿತ್ತು. ಬೆಕ್ಕು ಬಂದು ಬೈಕಿನ ಕೆಳಗೆ ನಿಶ್ಚಿಂತೆಯಿಂದ ಸುರುಳಿ ಸುತ್ತಿ ಮಲಗಿತು. ಯಾರೂ ಪೊರಕೆ ಎತ್ತಲಿಲ್ಲ.

"ಒಂದು ಹನಿನೂ ಇಲ್ಲ ಅತ್ತೆ."

"ಇಲ್ಲ" ಅಂದರು ಅತ್ತೆ. ಮುಖದಲ್ಲಿ ಸಂತೋಷವೂ ಇತ್ತು, ಏನೋ ಕಳೆದುಕೊಂಡ ಹಾಗೆಯೂ ಇತ್ತು. ಲೋಟ ಖಾಲಿಯಾಯಿತು. ಇಬ್ಬರೂ ಏಳಲಿಲ್ಲ. ಅತ್ತೆ ಹಿಂದಿನ ಚಕ್ರದ ಕಡೆ ಸ್ವಲ್ಪ ಹೊತ್ತು ನೋಡಿ, ದನಿ ತಗ್ಗಿಸಿ ಕೇಳಿದರು:

"ನಿನ್ನೆ ಬರುವಾಗ ಆ ಚೈನು ಏನೋ ಕಿರಕಿರ ಅಂತಿತ್ತಲ್ವಾ? ನಿನಗೆ ಕೇಳಿಸಲಿಲ್ವಾ?"

ಕಿವಿಯಕ್ಕನಿಗೆ ಯಾವ ಸದ್ದೂ ಕೇಳಿಸಿರಲಿಲ್ಲ.

"ಕೇಳಿಸ್ತು ಅತ್ತೆ" ಅಂದಳು. "ನಾಳೆ ಬೆಳಗ್ಗೆ ಕೂತು ನೋಡೋಣ."